ಮುನಿಯಪ್ಪನ ಬೆಕ್ಕುಗಳು

ರೇಷ್ಮೆ ಹುಳ ಸಾಕುವ ಮನೆಗೆ ಹೊಡೆಯುವ ಫಾರ್ಮಲಿನ್ ಔಷಧಿ ಮೂಗಿಗಿಂತ ಮೊದಲು ಕಣ್ಣಿಗೆ ತಾಗುತ್ತದೆ. ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳ ಗೃಹಪ್ರವೇಶಕ್ಕೆಂದು ಪಾಲಕೋಡಿನ ಆಚೆಯ ಆ ಊರಿಗೆ ಹೋಗಿದ್ದೆ. ಬಸ್ಸಿಳಿದು ಮೊದಲ ಬೀದಿ ತಿರುಗುವಷ್ಟರಲ್ಲಿ ಕಣ್ಣು ಉರಿದು ನೀರು ಬಂತು. ಯಾರೋ ರೇಷ್ಮೆಯ ಹೊಸ ಬೆಳೆಗೆ ಮನೆ ಸಿದ್ಧ ಮಾಡುತ್ತಿದ್ದರು. ನಾನು ಗೃಹಪ್ರವೇಶದ ಮನೆಗೆ ಹೋಗುವ ಮೊದಲು ಮುನಿರಾಜುವಿನ ಮನೆಯ ಮುಂದಿನ ಬೇವಿನ ಮರದ ಬಳಿಗೆ ಹೋದೆ. ಮನೆ ಈಗ ತಾರಸಿಯದು, ಮರ ಮಾತ್ರ ಹಳೆಯದೇ. ಕೆಳಗಿನ ಕೊಂಬೆಗೆ ಸುತ್ತಿದ ತಂತಿ ಇನ್ನೂ ಇತ್ತು. ತೊಗಟೆ ಅದರ ಮೇಲೆ ಬೆಳೆದು, ಎರಡು ತುದಿಗಳನ್ನಷ್ಟೇ ಹೊರಗೆ ಬಿಟ್ಟಿತ್ತು.

ಆ ತಂತಿಯಲ್ಲಿ ಹಿಂದೆ ಒಂದು ಡಬ್ಬ ತೂಗುತ್ತಿತ್ತು. ಒಂದು ಮಳೆಗಾಲ ಮತ್ತು ಅದರ ಹಿಂದೆ ಬಂದ ಚಳಿಗಾಲ, ಎರಡನ್ನೂ ನಾವು ಆ ಡಬ್ಬದ ಕೆಳಗೆ ಕಳೆದೆವು.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಇದ್ದವರಲ್ಲಿ ಕೆಲವರು ಈಗಲೂ ಇದ್ದಾರೆ. ತೊಂಬತ್ತರ ದಶಕದ ನಡುವೆ, ಕೃಷ್ಣಗಿರಿ ಇನ್ನೂ ಧರ್ಮಪುರಿ ಜಿಲ್ಲೆಯೊಳಗೇ ಇದ್ದಾಗ, ಅಲ್ಲಿನ ಪ್ರಾಥಮಿಕ ಶಾಲೆಗೆ ನನ್ನನ್ನು ಹಾಕಿದ್ದರು. ನಾನು ಸೇಲಂನವಳು. ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ಶಾಲೆಯಲ್ಲಿ ಪಾಠವೆಲ್ಲ ತಮಿಳಿನಲ್ಲಿ; ಗಂಟೆ ಹೊಡೆದ ಮೇಲೆ ಮಕ್ಕಳು ಕನ್ನಡಕ್ಕೆ ಇಳಿಯುತ್ತಿದ್ದರು. ನನಗೆ ಬಾಡಿಗೆಗೆ ಕೋಣೆ ಕೊಟ್ಟವರು ಮಾದಮ್ಮ. ಶಾಲೆಯ ಮಧ್ಯಾಹ್ನದೂಟದ ಅಡಿಗೆ ಅವರದು. ಮಿಕ್ಕ ಹೊತ್ತಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಬೂದಿ ಇತ್ತು. ಒಲೆಯ ಬೂದಿಯ ಬಣ್ಣದ ಹೆಣ್ಣು ಬೆಕ್ಕು. ಅಡಿಗೆ ಮಾಡುವಾಗ ಅವರು ಅದರ ಜೊತೆ ಮಾತಾಡುವುದನ್ನು ಕೇಳಿ, ಮನೆಗೆ ಯಾರೋ ನೆಂಟರು ಬಂದಿದ್ದಾರೆ ಎಂದು ಮೊದಲ ವಾರ ತಿಳಿದಿದ್ದೆ.

ಊರಿಗೆ ಬೆಕ್ಕುಗಳನ್ನು ತಂದವರು ಊರಿನವರೇ. ಹಿಂದೊಮ್ಮೆ ಇಲಿಗಳು ಹೆಚ್ಚಿ, ತಟ್ಟೆಗಳಲ್ಲಿದ್ದ ಹುಳಗಳನ್ನು ತಿಂದು ಮುಗಿಸಿದ್ದವಂತೆ. ಆಗ ಮನೆಗೊಂದರಂತೆ ಬೆಕ್ಕು ತಂದರು. ಇಲಿ ಹೋಯಿತು. ಬೆಕ್ಕು ಹೆಚ್ಚಿತು. ನಾನು ಹೋದ ವರ್ಷ ಗೋಡೆ, ಹಂಚು, ಹುಲ್ಲಿನ ಬಣವೆ, ಎಲ್ಲಿ ನೋಡಿದರೂ ಬೆಕ್ಕೇ. ಮಳೆ ಹಿಡಿದ ಮೇಲೆ ಅವು ಬೆಚ್ಚಗಿನ ಜಾಗ ಹುಡುಕುತ್ತಿದ್ದವು. ಊರಿನಲ್ಲಿ ಬೆಚ್ಚಗಿದ್ದ ಜಾಗ ಒಂದೇ, ಇದ್ದಿಲ ಒಲೆ ಇಟ್ಟು ಕಾಯಿಸಿದ ಹುಳದ ಮನೆ. ಐಪ್ಪಸಿ ತಿಂಗಳ, ಅಂದರೆ ಅಕ್ಟೋಬರ್ ಕೊನೆಯ, ಒಂದು ಸಂಜೆ ಎರಡು ಗಂಡು ಬೆಕ್ಕು ಹಂಚಿನ ಸಂದಿಯಿಂದ ಮುನಿರಾಜುವಿನ ಹುಳದ ಮನೆಗೆ ಇಳಿದು ಕಚ್ಚಾಡಿದವು. ತಟ್ಟೆಯ ಸ್ಟ್ಯಾಂಡು ಮಗುಚಿತು. ನಾಲ್ಕನೇ ಜ್ವರ ಎದ್ದ ಹುಳ ಅವು. ಹುಳ ಪೊರೆ ಬಿಡಲು ಮೇವು ಬಿಟ್ಟು ಸುಮ್ಮನಿರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದರೆ ಬೆಳೆ ಕೈಗೆ ಬಂದ ಹಾಗೆ. ಅವು ನೆಲದ ಮೇಲೆ, ಕಾಲಡಿಯಲ್ಲಿ ಸತ್ತವು.

ಮುನಿರಾಜು ಮಾದಮ್ಮನ ಮೈದುನ, ಊರಿನ ರೇಷ್ಮೆಯವರಿಗೆಲ್ಲ ಮುಂದಾಳು. ಮರುದಿನ ಬೇವಿನ ಮರದಡಿ ಜನ ಸೇರಿದರು.

"ಇಲಿ ಕಾಯ್ಲಿ ಅಂತ ಬೆಕ್ಕು ತಂದ್ವಿ. ಈಗ ಬೆಕ್ಕು ಕಾಯಾಕೆ ಏನ್ ತರಾದು? ಚಿರ್ತೆ ತರಾದಾ?" ಎಂದ ಮುನಿರಾಜು.

"ಬೆಕ್ಕು ಕೊಂದ ಪಾಪ ಏಳು ಜನ್ಮಕ್ಕೂ ಬಿಡಾದಿಲ್ಲ ಕಣ್ಲಾ," ಎಂದರು ಒಬ್ಬ ಮುದುಕರು.

"ನಾ ಎಲ್ಲಿ ಕೊಲ್ತೀನಿ ತಾತ? ಕರವಾಡು ಇಟ್ಟಿರ್ತೀನಿ. ತಿನ್ನಾದು ಬಿಡಾದು ಅದ್ರ ಇಷ್ಟ."

ಕರವಾಡು ಎಂದರೆ ಒಣಮೀನು. ಅದಕ್ಕೆ ಏನು ಬೆರೆಸಿದ್ದ ಎಂಬುದನ್ನು ಯಾರೂ ಕೇಳಲಿಲ್ಲ. ಅದನ್ನು ತವರದ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು, ಮಕ್ಕಳ ಕೈಗೂ ಕೋಳಿಗೂ ಎಟುಕದಂತೆ ಕೊಂಬೆಗೆ ತಂತಿಯಲ್ಲಿ ಕಟ್ಟಿದ್ದ.

ಅದೇ ಹೊತ್ತಿಗೆ ದನಗಳಿಗೆ ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಲು ಪಶುವೈದ್ಯರು ಬಂದಿದ್ದರು. ಎಳೆಯ ವಯಸ್ಸಿನ ಸೆಲ್ವಂ ಡಾಕ್ಟರು. ತಾರಮಂಗಲದ ಕನ್ನಡ ನೇಕಾರರ ಬೀದಿಯಲ್ಲಿ ಬೆಳೆದವರು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ತಮಿಳು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಇವನ್ನು ಕೊಂದರೆ ಮೊದಲು ಇಲಿ ಬರುತ್ತದೆ. ಆಮೇಲೆ ಪಕ್ಕದೂರಿನ ಬೆಕ್ಕು ಬರುತ್ತದೆ. ಅದು ಮರಿ ಹಾಕುತ್ತದೆ. ಮತ್ತೆ ಇದೇ ಮರದಡಿ ಕೂರುತ್ತೀರಿ. ಇರುವವು ಇರಲಿ. ಮರಿಯಾಗದಂತೆ ನಾನು ಮಾಡಿಕೊಡುತ್ತೇನೆ. ಗಂಡುಗಳ ಕಿತ್ತಾಟವೂ ನಿಲ್ಲುತ್ತದೆ."

"ಕುಡುಂಬ ಕಟ್ಟುಪ್ಪಾಡಾ ಸಾರ್?" ಎಂದ ಮುನಿರಾಜು. ಸರ್ಕಾರದ ಕುಟುಂಬ ನಿಯಂತ್ರಣವನ್ನು ಬೆಕ್ಕಿಗೆ ತಂದದ್ದಕ್ಕೆ ಎಲ್ಲರೂ ನಕ್ಕರು. "ನಮ್ಮೂರ ಎಂಗಸ್ರೇ ಒಪ್ಪಾದಿಲ್ಲ. ಬೆಕ್ಕು ಒಪ್ತದಾ?"

ನಗು ನಿಂತ ಮೇಲೆ ಅವನು ಡಬ್ಬದ ಕಡೆ ಕೈ ತೋರಿಸಿದ. "ಮುಂದಿನ ಬೆಳೆ ಗೂಡು ಕಟ್ಟೋವರ್ಗೂ ಟೈಮ್ ಕೊಡ್ತೀನಿ. ಅದ್ರೊಳ್ಗೆ ಊರಲ್ಲಿ ಒಂದೇ ಒಂದು ಬೆಕ್ಕು ಮರಿ ಆಕ್ತು ಅಂದ್ರೆ, ಡಬ್ಬ ಕೆಳಗಿಳೀತದೆ. ಆಮ್ಯಾಕೆ ಯಾರ್ ಮಾತೂ ಕೇಳಾದಿಲ್ಲ."

ಡಾಕ್ಟರು ಒಪ್ಪಿದರು. ಹಿಂದೆ ನಿಂತಿದ್ದ ಮಾದಮ್ಮ ಮನೆಗೆ ಹೊರಟರು.

ಕೆಲಸ ಶಾಲೆಯಲ್ಲಿ ನಡೆಯಿತು. ಶನಿವಾರ ರಜೆ. ಊಟದ ಹೊತ್ತಿಗೆ ಬೆಕ್ಕುಗಳು ಬಂದು ಸೇರುವ ಜಾಗ ಅದು. ಅನ್ನದ ಪಾತ್ರೆಯ ಅಂಚಿಗೆ ಮಾದಮ್ಮ ಸೌಟಿನಿಂದ ಬಡಿದರೆ ಊರಿನ ಬೆಕ್ಕೆಲ್ಲ ಓಡಿ ಬರುತ್ತಿದ್ದವು. ಅವತ್ತೂ ಬಡಿದರು. ಅವತ್ತೂ ಬಂದವು. ಅನ್ನಕ್ಕೆ ಬಾಯಿ ಹಾಕಿದ್ದರ ಮೇಲೆ ಕೋಳಿ ಮುಚ್ಚುವ ಮಂಕರಿ ಬಿತ್ತು. ಒಳಗಿನಿಂದ ಬಂದ ಕೂಗಿಗೆ ಮಾದಮ್ಮ ಕಣ್ಣು ಮುಚ್ಚಿದರು. "ನನ್ ಸದ್ದು ನಂಬಿ ಬಂದ್ವು, ಪಾವ," ಎಂದು ಮರುಗಿದರು. ಆದರೂ ಮತ್ತೆ ಬಡಿದರು.

ಎರಡು ಬೆಂಚು ಕೂಡಿಸಿದ ಮೇಜು. ನಾನು ಕಾಲು ಹಿಡಿಯುತ್ತಿದ್ದೆ, ಬೆಳಕು ಹಿಡಿಯುತ್ತಿದ್ದೆ. ಮದ್ದು ಕೊಟ್ಟ ಬೆಕ್ಕು ಕಣ್ಣು ತೆರೆದೇ ಮಲಗುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಹೆಣ್ಣಾದರೆ ಎಡ ಪಕ್ಕೆಯ ಕೂದಲು ಬೋಳಿಸಿ ಸಣ್ಣದಾಗಿ ಕೊಯ್ದು, ಗರ್ಭಕೋಶ ತೆಗೆದು, ಹೊಲಿಗೆ ಹಾಕುತ್ತಿದ್ದರು. ಕೊನೆಗೆ ಎಡಗಿವಿಯ ತುದಿಯನ್ನು ಒಂದಿಷ್ಟು ಕತ್ತರಿಸಿ ನೀಲಿ ಔಷಧಿ ಒತ್ತುತ್ತಿದ್ದರು. ಮದ್ದಿನಲ್ಲಿರುವಾಗಲೇ ಕತ್ತರಿಸುವುದರಿಂದ ನೋಯುವುದಿಲ್ಲ, ಮುಂದೆ ದೂರದಿಂದ ನೋಡಿದರೂ ಆಪರೇಷನ್ ಆದದ್ದು ಎಂದು ಗೊತ್ತಾಗುತ್ತದೆ, ಅದನ್ನು ಎರಡನೇ ಸಲ ಹಿಡಿದು ಹಿಂಸೆ ಕೊಡುವುದು ತಪ್ಪುತ್ತದೆ ಎಂದರು.

ಮಳೆ ಜೋರಾಗಿತ್ತು. ಮಧ್ಯಾಹ್ನದ ಮೇಲೆ ಒಂದು ಹಳದಿ ಗಂಡು ಎಚ್ಚರವಾಗಲಿಲ್ಲ. ಡಾಕ್ಟರು ಅದರ ಎದೆ ಉಜ್ಜಿದರು, ಬಾಯಿ ತೆರೆದು ನಾಲಿಗೆ ಎಳೆದರು, ತಮ್ಮ ಅಂಗಿಯೊಳಗೆ ಇಟ್ಟುಕೊಂಡು ಕೂತರು. ಆಮೇಲೆ ಗೋಣಿಯ ಮೇಲೆ ಇಳಿಸಿದರು. "ಚಳಿ," ಎಂದರು. "ಮುಂದಿನ ವಾರ ಒಲೆ ಬೇಕು." ಬಾಗಿಲಲ್ಲಿ ಮಾದಮ್ಮ ನಿಂತಿದ್ದರು. ಬೂದಿ ಅವರ ಸೆರಗಿನೊಳಗಿತ್ತು. ಅದರ ಸರದಿ ಇನ್ನೂ ಬಂದಿರಲಿಲ್ಲ. ನಾನು ಮತ್ತೆ ತಿರುಗಿ ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಕಿವಿ ಕುಯ್ದ ಬೆಕ್ಕುಗಳು ಬೀದಿಗೆ ಬಂದಾಗ ನಾವು ಯಾರೂ ಎಣಿಸದಿದ್ದದ್ದು ನಡೆಯಿತು. ಆ ಕಡೆ ಊರು ಕಾಯುವ ದೇವರು ಮುನಿಯಪ್ಪನಿಗೆ ಹರಕೆ ಬಿಟ್ಟ ಆಡಿನ ಕಿವಿ ಕುಯ್ದಿರುತ್ತಾರೆ. ಅಂಥ ಆಡು ಹೊಲಕ್ಕೆ ನುಗ್ಗಿದರೂ ಕಲ್ಲೆಸೆಯುವುದಿಲ್ಲ. ಹರಕೆ ತೀರಿಸುವ ದಿನ ಅದರ ತಲೆಗೆ ನೀರು ಎರಚುತ್ತಾರೆ. ಆಡು ಮೈ ಒದರಿದರೆ ಒಪ್ಪಿತು ಎಂದು ಲೆಕ್ಕ. ಒದರುವವರೆಗೆ ಯಾರೂ ಮಚ್ಚು ಎತ್ತುವುದಿಲ್ಲ. ಈಗ ಗೋಡೆಯ ಮೇಲೆ ಕಿವಿ ಕುಯ್ದ ಬೆಕ್ಕು ಕಂಡದ್ದೇ ಹೆಂಗಸರು ಕೆನ್ನೆ ಬಡಿದುಕೊಂಡರು. ಡಾಕ್ಟರು ಇದು ಬರೀ ಗುರುತು ಎಂದು ವಿವರಿಸಿದರು. ಎಲ್ಲರೂ ತಲೆಯಾಡಿಸಿದರು. "ಸರಿ ಸಾರ್, ಗುರ್ತೇ. ಮುನಿಯಪ್ಪನ್ ಗುರ್ತು," ಎಂದರು ಮುದುಕರು. ಕಲ್ಲು ಬೀಳುವುದು ನಿಂತಿತು. ಮುನಿರಾಜು ಸಹ ಕಿವಿ ಕುಯ್ದ ಬೆಕ್ಕು ಎದುರಾದರೆ ದಾರಿ ಬಿಡುತ್ತಿದ್ದ. ಡಬ್ಬವನ್ನು ಮಾತ್ರ ಇಳಿಸಲಿಲ್ಲ.

ಎರಡನೇ ಶನಿವಾರ ಮಾದಮ್ಮ ಒಲೆ ಹೊತ್ತು ತಂದರು. ಒಂದೂ ಸಾಯಲಿಲ್ಲ. ಜಗಲಿಯಲ್ಲಿ ಕೂತಿದ್ದ ಬೂದಿಯ ಎಡಗಿವಿಯಲ್ಲಿ ತುದಿ ಇರಲಿಲ್ಲ. "ಇದು ಆಯಿತಾ?" ಎಂದು ಡಾಕ್ಟರು ಕೇಳಿದರು. "ಓದ್ ವಾರ್ವೇ ಆಯ್ತಲ್ಲ ಸಾರ್," ಎಂದರು ಮಾದಮ್ಮ. ಅದರ ಕಿವಿಗೆ ಅರಿಶಿನ ಹಚ್ಚಿತ್ತು, ನೀಲಿ ಇರಲಿಲ್ಲ. ನೀಲಿಯ ಮೇಲೆ ಅರಿಶಿನ ಹಚ್ಚಿರಬೇಕು ಎಂದುಕೊಂಡೆ. ನಾಲ್ಕನೇ ಶನಿವಾರಕ್ಕೆ ಊರಿನಲ್ಲಿ ತುದಿ ಇರುವ ಎಡಗಿವಿ ಒಂದೂ ಉಳಿಯಲಿಲ್ಲ.

ಆಮೇಲಿನ ವಾರದಲ್ಲಿ ಹೊಸ ಬೆಳೆಯ ಹುಳ ಹಣ್ಣಾದವು. ಮೇವು ಬಿಟ್ಟು ಮೈ ತಿಳಿಯಾದ ಹುಳವನ್ನು ತಟ್ಟೆಯಿಂದ ಆರಿಸಿ, ಚಂದ್ರಿಕೆ ಎಂಬ ಬಿದಿರಿನ ಚಾಪೆಗೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ಅದಕ್ಕೆ ಕಾಯುವ ತಾಳ್ಮೆ ಇಲ್ಲ. ತಡ ಮಾಡಿದರೆ ಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಆ ದಿನ ಮುನಿರಾಜುವಿನ ಮನೆಗೆ ಊರೇ ಬಂದಿತ್ತು. ಶಾಲೆಗೆ ಮಕ್ಕಳಿಲ್ಲದೆ ನಾನೂ ಹೋಗಿದ್ದೆ. ಅಟ್ಟದಿಂದ ಚಂದ್ರಿಕೆ ಇಳಿಸುತ್ತಿದ್ದ ಮುನಿರಾಜು ಕೈ ನಿಲ್ಲಿಸಿದ. ಮೇಲಿನಿಂದ ಸಣ್ಣ ಧ್ವನಿಗಳು ಕೇಳಿದವು. ಒಂದಲ್ಲ, ನಾಲ್ಕೈದು. ಆಮೇಲೆ ಬೂದಿ ಅಟ್ಟದ ಅಂಚಿಗೆ ಬಂದು ನಿಂತು ನಮ್ಮನ್ನು ನೋಡಿತು. ಕಿವಿ ಕುಯ್ದ ಬೆಕ್ಕು. ಕೆಳಗೆ ತೂಗುವ ಮೊಲೆಗಳು.

ತಟ್ಟೆಗಳಲ್ಲಿ ಹುಳ ಹರಿಯುವ ಸದ್ದು ಕೇಳುತ್ತಿತ್ತು.

"ಇದಾ ಟೀಚರಮ್ಮಾ ನಿಮ್ ಆಪರೇಸನ್ನು?" ಎಂದ ಮುನಿರಾಜು. ಧ್ವನಿ ಏರಿಸಲಿಲ್ಲ. ಏಣಿ ಇಳಿದು, ಕೈ ಒರೆಸಿಕೊಂಡು, ಬೇವಿನ ಮರದ ಕಡೆ ಹೊರಟ.

"ಅದ್ರ ಕಿವಿ ಡಾಕ್ಟ್ರು ಕುಯ್ದಿದ್ದಲ್ಲ," ಎಂದರು ಮಾದಮ್ಮ. "ನಾ ಕುಯ್ದೆ. ಬ್ಲೇಡಲ್ಲಿ. ಆ ಅಳದಿ ಬೆಕ್ಕು ಸತ್ತಿದ್ದು ನೋಡ್ದೆ. ಇದ್ನ ಕೊಡಾಕೆ ಕೈ ಬರ್ಲಿಲ್ಲ."

ಅವರು ಊರಿನ ಬೆಕ್ಕುಗಳನ್ನು ಉಳಿಸಲು ಹೇಳಿದ ಮಾತು ಅದು. ಆದರೆ ಮುನಿರಾಜು ಹಿಂತಿರುಗಿ ಕೇಳಿದ್ದು ಬೇರೆಯೇ. "ಆಗಂದ್ರೆ ಮಿಕ್ಕಿದ್ದು? ಯಾವ್ದು ಡಾಕ್ಟ್ರು ಕುಯ್ದಿದ್ದು, ಯಾವ್ದು ನೀವ್ ಕುಯ್ದಿದ್ದು ಅತ್ಗೆ? ಇಷ್ಟ್ ದಿನ ಮುನಿಯಪ್ಪ ಅಂತ ದಾರಿ ಬಿಟ್ನಲ್ಲ, ಯಾವ್ದಕ್ ಬಿಟ್ಟೆ?"

ಒಂದು ಕಿವಿ ಸುಳ್ಳಾದದ್ದಕ್ಕೆ ಊರಿನ ಕಿವಿಗಳೆಲ್ಲ ಸುಳ್ಳಾಗಿದ್ದವು. ಡಾಕ್ಟರು ಪಾಲಕೋಡಿನ ಯಾವ ಹಳ್ಳಿಯಲ್ಲಿದ್ದರೋ. ಡಬ್ಬ ಮೂರು ಮಾರು ದೂರದಲ್ಲಿತ್ತು.

"ಒಲ್ಗೆ ಆಕಿದ್ದು ಐತಲ್ಲ," ಎಂದರು ಮಾದಮ್ಮ. "ಪಕ್ಕೇಲಿ. ಕೈಯಾಡ್ಸಿ ನೋಡು. ಕರೀತೀನಿ."

"ಇಡ್ಸಿಕೊಟ್ಟೋಳು ನೀನು. ನಿನ್ ಸದ್ದಿಗೆ ಬರ್ತಾವಾ?" ಎಂದಳು ಮುನಿರಾಜುವಿನ ಹೆಂಡತಿ ನಂಜಿ.

ಮಾದಮ್ಮ ಅವರ ಅಡಿಗೆಮನೆಯಿಂದ ಪಾತ್ರೆ, ಸೌಟು ತಂದು ಅಂಗಳದಲ್ಲಿ ನಿಂತು ಬಡಿದರು. ಮಳೆ ಹನಿಯುತ್ತಿತ್ತು. ಯಾವುದೂ ಬರಲಿಲ್ಲ. ಇನ್ನೊಮ್ಮೆ ಬಡಿದರು. ಮುನಿರಾಜು ತಂತಿಗೆ ಕೈ ಹಾಕಿದ. ಆಗ ಎದುರು ಗೋಡೆಯ ಮೇಲೆ ಒಂದು ಕರಿ ಬೆಕ್ಕು ಎದ್ದು ನಿಂತಿತು. ಮಂಕರಿಯೊಳಗೆ ಎಲ್ಲಕ್ಕಿಂತ ಜೋರಾಗಿ ಕೂಗಿದ್ದು ಅದೇ. ಅದು ಗೋಡೆ ಇಳಿದು, ನೆಲಕ್ಕೆ ಹೊಟ್ಟೆ ತಾಗುವಷ್ಟು ಬಗ್ಗಿ ನಡೆಯುತ್ತಾ, ಎರಡು ಸಲ ನಿಂತು, ಕೊನೆಗೆ ಮಾದಮ್ಮನ ಕಾಲ ಬಳಿಗೆ ಬಂತು. ಅವರು ಎತ್ತಿಕೊಂಡು ಮುನಿರಾಜುವಿಗೆ ಪಕ್ಕೆ ಒಡ್ಡಿದರು. ಹುಳದ ಮೈ ಮುಟ್ಟಿ ಜ್ವರ ಹೇಳುವ ಬೆರಳು ಅವನದು. ಕೂದಲ ಅಡಿಯಲ್ಲಿ ನಿಧಾನವಾಗಿ ಹುಡುಕಿ ನಿಂತಿತು.

"ಐತೆ," ಎಂದ.

ಆಮೇಲೆ ಒಂದೊಂದಾಗಿ ಬಂದವು. ಒಂದು ಕೆಂಪು ಬೆಕ್ಕಿನ ಪಕ್ಕೆಯಲ್ಲಿ ಏನೂ ಸಿಗಲಿಲ್ಲ. ಮತ್ತೆ ತಡವಿದ. ಇಲ್ಲ. ಅವನ ಮುಖ ಬಿಗಿಯಿತು.

"ಅದು ಗಂಡು ಕಣ್ರೀ," ಎಂದಳು ನಂಜಿ. "ಪಕ್ಕೇಲಿ ಏನ್ ಉಡುಕ್ತೀರಾ? ಬಾಲ ಎತ್ತಿ ನೋಡ್ರೀ!"

ಯಾರೋ ನಕ್ಕುಬಿಟ್ಟರು. ಅಷ್ಟರಲ್ಲಿ ಬೂದಿ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಏಣಿ ಇಳಿದು, ಎಲ್ಲರ ಕಾಲುಗಳ ನಡುವೆ ದಾಟಿ, ಮಾದಮ್ಮನ ಮನೆಯ ಕಡೆ ಹೋಯಿತು. ಮತ್ತೆ ಬಂದು ಇನ್ನೊಂದನ್ನು ಒಯ್ದಿತು. ಜನ ಕಾಲು ಸರಿಸಿ ದಾರಿ ಬಿಟ್ಟರು. ಸುಳ್ಳು ಕಿವಿ ಎಂದು ಗೊತ್ತಿದ್ದೂ ಬಿಟ್ಟರು.

ಮುನಿರಾಜು ಮಾದಮ್ಮನ ಹತ್ತಿರ ಬಂದ. "ಮಿಕ್ಕಿದ್ದು ಸರಿ ಅತ್ಗೆ. ಇದು ಸರಿ ಅಲ್ಲ. ಕಿವಿ ಕುಯ್ದೋರು ನೀವು, ಅರಕೆ ಕಟ್ಕೊಂಡೋರು ನೀವು. ಗೊತ್ತಿದ್ದೋ ಗೊತ್ತಿಲ್ದೋ. ಮರಿ ಆಲು ಬಿಟ್ ದಿನ ನೀವೇ ಎತ್ಕೊಂಡ್ ಬಂದು ಡಾಕ್ಟ್ರ ಬೆಂಚ್ ಮ್ಯಾಲೆ ಇಡ್ಬೇಕು. ಅಲ್ಲಿವರ್ಗೂ ಡಬ್ಬ ಅಲ್ಲೇ ಇರ್ತದೆ. ಇಡ್ದಿದ್ರೆ, ಊರ್ ಬೆಕ್ಕಿಗೆಲ್ಲಾ ಅದೇ." ಆಮೇಲೆ ಎಲ್ಲರಿಗೂ ಅವಸರ ಮಾಡಿ ಕೂಗಿದ, "ಸೀಕ್ರಂ! ಹುಳ ನೋಡ್ರಪ್ಪಾ!"

ಕಾರ್ತಿಕ ಕಳೆದು ಮಾರ್ಗಳಿ ತಿಂಗಳ ಚಳಿ ಬಂತು. ಬೆಳಿಗ್ಗೆ ಮಂಜಿನಲ್ಲಿ ಡಬ್ಬ ಮಾತ್ರ ಕಾಣುತ್ತಿತ್ತು, ಕೊಂಬೆ ಕಾಣುತ್ತಿರಲಿಲ್ಲ. ಮರಿಗಳು ಒಲೆಯ ಸುತ್ತ ಆಡಿಕೊಂಡು ದೊಡ್ಡವಾದವು. ಮಾದಮ್ಮ ಬೂದಿಯ ಜೊತೆ ಮಾತಾಡುವುದನ್ನು ಬಿಟ್ಟಿದ್ದರು. ತಟ್ಟೆಯಲ್ಲಿ ಅನ್ನ ಇಟ್ಟು ಆಚೆ ಹೋಗುತ್ತಿದ್ದರು. ಒಮ್ಮೆ ಮಾತ್ರ, ನನಗೋ ಬೆಕ್ಕಿಗೋ ತಿಳಿಯದಂತೆ, "ಇನ್ನೊಂದ್ ವಾರ ಆಲು ಕುಡೀಲಿ ಬಿಡು," ಎಂದದ್ದು ಕೇಳಿದೆ.

ಆ ಶನಿವಾರ ಊರಿನವರು ಶಾಲೆಯ ಅಂಗಳದಲ್ಲಿ ನೆರೆದಿದ್ದರು. ಡಾಕ್ಟರು ಸಿರಿಂಜು ತುಂಬಿ ನಿಂತಿದ್ದರು. ಮಾದಮ್ಮ ಬೂದಿಯನ್ನು ಸೆರಗಿನಲ್ಲಿ ತಂದು ಬೆಂಚಿನ ಮೇಲೆ ಇಟ್ಟರು. ಮುನಿರಾಜು ಚೊಂಬಿನಿಂದ ಬೊಗಸೆ ನೀರು ತೆಗೆದು ಅದರ ತಲೆಗೆ ಎರಚಿದ. "ಎನ್ನಾಂಗ ಇದು?" ಎಂದು ಡಾಕ್ಟರು ಅರ್ಥವಾಗದೆ ಕೇಳಿದರು.

ಬೂದಿ ಒದರಲಿಲ್ಲ. ನೀರು ಮೂಗಿನ ತುದಿಯಿಂದ ಇಳಿಯುತ್ತಿತ್ತು. ಅದು ಕಿವಿ ಹಿಂದಕ್ಕೆ ಒತ್ತಿ, ಬೆಂಚಿಗೆ ಅಂಟಿ ಕೂತಿತ್ತು. ಇನ್ನೊಮ್ಮೆ ಎರಚಿದ. ಒದರಲಿಲ್ಲ. ಮುನಿರಾಜು ಚೊಂಬು ಕೆಳಗಿಡಲೂ ಇಲ್ಲ, ಮತ್ತೆ ನೀರು ತೆಗೆಯಲೂ ಇಲ್ಲ. ಹರಕೆ ಎಂದು ಹಟ ಹಿಡಿದವನು ಅವನೇ; ಈಗ ಮುಂದೆ ಹೋಗುವಂತಿಲ್ಲ, ಹಿಂದೆಯೂ ಹೋಗುವಂತಿಲ್ಲ.

"ಒಪ್ತಿಲ್ಲ," ಎಂದರು ಹಿಂದಿನಿಂದ ಮುದುಕರು.

ಮಾದಮ್ಮ ಸೆರಗಿನಿಂದ ಬೂದಿಯ ಮುಖ ಒರೆಸಿದರು. "ಸಾಕು ಮುನಿರಾಜಾ. ದೇವ್ರ ಎಸ್ರಲ್ಲಿ ಸುಳ್ಳು ಮಾಡ್ದೋಳು ನಾನು. ಅದ್ರ ಒಪ್ಗೆ ಯಾಕ್ ಕೇಳ್ತೀಯಾ? ನನ್ ಒಪ್ಗೆ ಕೇಳು." ಬೆಕ್ಕಿನ ಕತ್ತಿನ ಚರ್ಮವನ್ನು ತಾವೇ ಹಿಡಿದು ಡಾಕ್ಟರ ಕಡೆ ತಿರುಗಿಸಿದರು. "ಆಕ್ರಿ ಸಾರ್."

ಕೊಯ್ದದ್ದು, ಹೊಲಿದದ್ದು ಬೇಗ ಮುಗಿಯಿತು. "ಇದರ ಕಿವಿ ಕುಯ್ಯುವ ಕೆಲಸ ಇಲ್ಲ," ಎಂದರು ಡಾಕ್ಟರು. ಒಲೆಯ ಪಕ್ಕ ಗೋಣಿಯ ಮೇಲೆ ಮಲಗಿಸಿದರು. ಮಿಕ್ಕ ಬೆಕ್ಕುಗಳು ತಲೆ ಎತ್ತುತ್ತಿದ್ದ ಹೊತ್ತು ಕಳೆಯಿತು. ಬೂದಿ ಎತ್ತಲಿಲ್ಲ. ಒದ್ದೆ ಮೈ ತಣ್ಣಗಾಗಿತ್ತು, ಆ ನೀರು ಎರಚಿದ್ದೇ ತಪ್ಪಾಯಿತು ಎಂದು ಡಾಕ್ಟರು ತಮಿಳಿನಲ್ಲಿ ಸಿಟ್ಟಿನಿಂದ ಹೇಳಿದರು. ಮುನಿರಾಜು ಎದ್ದು ಹೋದ. ತನ್ನ ಹುಳದ ಮನೆಯಲ್ಲಿ ಉರಿಯುತ್ತಿದ್ದ ಒಲೆಯನ್ನು ಕೋಲಿಗೆ ಸಿಕ್ಕಿಸಿ ಹೊತ್ತು ತಂದ. ಅಲ್ಲಿ ಹುಳ ಎರಡನೇ ಜ್ವರದಲ್ಲಿದ್ದವು, ಆ ಚಳಿಯಲ್ಲಿ. ಒಲೆಯನ್ನು ಬೂದಿಯ ಬೆನ್ನಿನ ಕಡೆ ಇಟ್ಟು ಕುಕ್ಕುರುಗಾಲಲ್ಲಿ ಕೂತ.

ಮಾದಮ್ಮ ಒದ್ದೆ ಬಟ್ಟೆಯಿಂದ ಅದರ ತುಟಿ ಒರೆಸುತ್ತಿದ್ದರು. ಒರೆಸುವಾಗ ಒಂದು ಹನಿ ಜಾರಿ ಕುಯ್ದ ಕಿವಿಯೊಳಗೆ ಬಿತ್ತು.

ಮೊದಲು ಕಿವಿ ಅಲುಗಿತು. ಆಮೇಲೆ ತಲೆ. ಆಮೇಲೆ ಇಡೀ ಮೈ, ಕತ್ತಿನಿಂದ ಬಾಲದವರೆಗೆ, ತಡವರಿಸುತ್ತಾ ಒದರಿತು. ನೀರು ಕೆಂಡಕ್ಕೆ ಬಿದ್ದು ಚುಂಯ್ ಎಂದಿತು.

"ಒದರ್ತು!" ಮುನಿರಾಜು ಎದ್ದು ನಿಂತ. "ಅತ್ಗೆ, ಒಪ್ತು ನೋಡಿ. ಈಗ ಒಪ್ತು."

ಮಾದಮ್ಮ ಬಟ್ಟೆಯನ್ನು ಹಿಂಡಿದರು. "ಅದು ಒಪ್ಪಿದ್ದಲ್ಲ ಕಣಪ್ಪಾ," ಎಂದರು. "ಬದುಕಿದ್ದು."

ಮುನಿರಾಜು ಹೊರಗೆ ಹೋದ. ಶಾಲೆಯ ಕಿಟಕಿಯಿಂದ ಬೇವಿನ ಮರ ಕಾಣುತ್ತಿತ್ತು; ನೋಡಿದೆ. ತಂತಿ ತುಕ್ಕು ಹಿಡಿದು ಬಿಚ್ಚಲು ಬರುತ್ತಿರಲಿಲ್ಲ. ಇಕ್ಕಳದಿಂದ ಕತ್ತರಿಸಿ ಡಬ್ಬ ಇಳಿಸಿ, ಸುತ್ತ ನೋಡಿದ. ಹೂಳೋಣವೆಂದರೆ ಯಾವ ಕಡೆ ನೋಡಿದರೂ ಹುಳದ ಸೊಪ್ಪಿನ ತೋಟ. ಯಾವ ಮಣ್ಣಿಗೆ ಹಾಕಿದರೂ ವಿಷ ಸೊಪ್ಪಿಗೆ, ಸೊಪ್ಪಿನಿಂದ ಹುಳಕ್ಕೆ ಬರುತ್ತದೆ. ಡಬ್ಬವನ್ನು ಮೈಯಿಂದ ದೂರ, ಎರಡು ಕೈಯಲ್ಲೂ ಹಿಡಿದುಕೊಂಡು, ಡಾಕ್ಟರು ಹೊರಗೆ ಬರುವವರೆಗೆ ಮರದ ಕೆಳಗೆ ಹಾಗೇ ನಿಂತಿದ್ದ.